ಬಲಗಡೆಯ ಹಬ್: ಹೊಸ ಬೇರಿಂಗ್ ಹಾಕಿದ ಮೇಲೂ ನೀರು ಕುಡಿದ ಒಂದು ದೋಣಿ ಟ್ರೇಲರ್‌ನ ಪ್ರಕರಣ

2023ರ ಜುಲೈ ತಿಂಗಳ ಒಂದು ಶನಿವಾರ. ಬೆಳಗಿನ ಐದೂವರೆಗೆ ಮಿಷಿಗನ್ನಿನ ನೋವೈ ಊರಿನಿಂದ ಹೊರಟಿದ್ದೆವು. ಕಾರಿನ ಹಿಂದೆ ಗೆಳೆಯನ ಹದಿನಾರು ಅಡಿ ಅಲ್ಯೂಮಿನಿಯಂ ದೋಣಿ, ಅದರ ಬೆನ್ನಿಗೆ 40 ಎಚ್‌ಪಿ ಔಟ್‌ಬೋರ್ಡ್ ಮೋಟರ್, ಕೆಳಗೆ ಒಂದೇ ಆ್ಯಕ್ಸಲ್‌ನ ಟ್ರೇಲರ್. ಎಲ್ಲ ಸೇರಿ ಸುಮಾರು 700 ಕಿಲೊ ತೂಕ. ಹೋಗಬೇಕಾದದ್ದು ಹೋಟನ್ ಲೇಕ್‌ಗೆ. ಸುಮಾರು 20,000 ಎಕರೆ ಹರಡಿಕೊಂಡ ಈ ಸರೋವರ ಮಿಷಿಗನ್ ಒಳನಾಡಿನಲ್ಲೇ ಎಲ್ಲಕ್ಕಿಂತ ದೊಡ್ಡದು. ಗೆಳೆಯ ಕುಂದಾಪುರದ ಕಡೆಯವನು. ಮೀನಿನ ಮಾತೆತ್ತಿದರೆ ಅವನಿಗೆ ದೂರ ದೂರವೇ ಅಲ್ಲ.

ಐ-75ರಲ್ಲಿ ಬೇ ಸಿಟಿ ದಾಟಿದ ಮೇಲೆ ಕಾಫಿಗೆಂದು ಒಂದು ವಿಶ್ರಾಂತಿ ತಾಣದಲ್ಲಿ ನಿಲ್ಲಿಸಿದೆವು. ಟ್ರೇಲರ್ ಎಳೆಯುವವರು ನಿಂತಲ್ಲೆಲ್ಲ ಚಕ್ರದ ನಡುವಿನ ಗುಂಬ, ಅಂದರೆ ಹಬ್, ಮುಟ್ಟಿ ನೋಡಬೇಕು ಎಂದು ಯಾರೋ ಅವನಿಗೆ ಹೇಳಿದ್ದರಂತೆ. ಎಡಗಡೆ ಬೆಚ್ಚಗಿತ್ತು. ಬಲಗಡೆಗೆ ಹೋದವನು ಕೈ ಕೊಡವಿಕೊಂಡು, “ಕೈ ಇಡುಕ್ ಆತಿಲ್ಲ ಮಾರಾಯ” ಎಂದ.

ಬಗ್ಗಿ ನೋಡಿದೆ. ಚಕ್ರದ ರಿಮ್ಮಿನ ಒಳಮೈಗೆ ಗ್ರೀಸ್ ಸೂರ್ಯನ ಕಿರಣಗಳ ಹಾಗೆ ಸಿಡಿದು ಅಂಟಿತ್ತು. ಜಾಕಿ ಕೊಟ್ಟು ಎತ್ತಿ, ಟೈರಿನ ಮೇಲ್ತುದಿ ಕೆಳತುದಿ ಹಿಡಿದು ಅಲುಗಾಡಿಸಿದರೆ ಚಕ್ರ ಕಟಕಟ ಎಂದಿತು. ಕೈಯಿಂದ ತಿರುಗಿಸಿದಾಗ ರಾಗಿ ಕಲ್ಲಿನ ಸದ್ದು. ಈ ಮೂರು ಗುರುತುಗಳಲ್ಲಿ ಯಾವ ಒಂದು ಕಂಡರೂ ಟ್ರೇಲರ್ ಅಲ್ಲಿಂದ ಒಂದು ಹೆಜ್ಜೆ ಕದಲಬಾರದು. ಇದನ್ನು ನಾನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಹಬ್ಬಿನೊಳಗೆ ಕೂತು ಚಕ್ರವನ್ನು ಸಲೀಸಾಗಿ ತಿರುಗಿಸುವ ಬೇರಿಂಗ್ ಪೂರ್ತಿ ಒಡೆದರೆ ಹಬ್ ಸಮೇತ ಚಕ್ರ ಕಳಚಿಕೊಂಡು ಹೆದ್ದಾರಿಯಲ್ಲಿ ತನ್ನ ಪಾಡಿಗೆ ಓಡುತ್ತದೆ. ಎದುರು ಬರುವ ಕಾರಿನಲ್ಲಿ ಯಾರು ಕೂತಿದ್ದಾರೆಂದು ಅದಕ್ಕೆ ಗೊತ್ತಿರುವುದಿಲ್ಲ.

ಅಲ್ಲೇ ಹಬ್ ಬಿಚ್ಚಿದೆವು. ನಾನು ಮೆಕ್ಯಾನಿಕಲ್ ಎಂಜಿನಿಯರ್. ಬೇರಿಂಗ್‌ಗಳ ಜೊತೆ ಬಹಳ ಕಾಲ ಕೆಲಸ ಮಾಡಿದ್ದೇನೆ. ಆದರೂ ಆ ಹಬ್ಬಿನೊಳಗೆ ಕಂಡದ್ದು ಮನಸ್ಸಿನಲ್ಲಿ ಉಳಿದಿದೆ. ಗ್ರೀಸ್ ಇರಬೇಕಾದ ಜಾಗದಲ್ಲಿ ಹಾಲು ಹೆಚ್ಚಾದ ಕಾಫಿಯಂಥ ಬಣ್ಣದ ಪೇಸ್ಟ್. ಗ್ರೀಸ್ ಜೊತೆ ನೀರು ಕಡೆದು ಒಂದಾದಾಗ ಬರುವ ಬಣ್ಣ ಅದು. ಒಳಗಿನ ಬೇರಿಂಗ್‌ನ ರೋಲರ್‌ಗಳು ಬಿಸಿಗೆ ನೀಲಿ ತಿರುಗಿದ್ದವು. ಅವು ಉರುಳುವ ಒಳ ಉಂಗುರದ, ಅಂದರೆ ಕೋನ್‌ನ, ಮೈಮೇಲೆ ಉಕ್ಕು ಚಕ್ಕೆ ಎದ್ದು ಹೋಗಿತ್ತು. ರೋಲರ್‌ಗಳನ್ನು ಹಿಡಿದಿಡುವ ಕೇಜ್ ಮಾತ್ರ ಇನ್ನೂ ಒಡೆದಿರಲಿಲ್ಲ. ಅದು ಒಡೆದಿದ್ದರೆ ರೋಲರ್‌ಗಳು ಚೆಲ್ಲಾಪಿಲ್ಲಿಯಾಗಿ ಹಬ್ ಸೀದಾ ಆ್ಯಕ್ಸಲ್‌ನ ತುದಿಯಾದ ಸ್ಪಿಂಡಲ್ ಮೇಲೆ ಕೂತು ಅರೆಯುತ್ತಿತ್ತು.

ಗೆಳೆಯನನ್ನು ಟ್ರೇಲರ್ ಹತ್ತಿರ ಬಿಟ್ಟು ನಾನು ಕಾರು ಬಿಚ್ಚಿಕೊಂಡು ವೆಸ್ಟ್ ಬ್ರಾಂಚ್‌ಗೆ ಹೋದೆ. ರೈತರ ಸಾಮಾನಿನ ಅಂಗಡಿಯೊಂದರಲ್ಲಿ ಬೇರಿಂಗ್, ನೀರು ತಡೆಯುವ ಸೀಲ್ ಕೂರಿಸಿ ಗ್ರೀಸ್ ತುಂಬಿಟ್ಟ ಸಿದ್ಧ ಹಬ್ ಸಿಕ್ಕಿತು. ಸ್ಪಿಂಡಲ್ ಅನ್ನು ಬಟ್ಟೆಯಲ್ಲಿ ಒರೆಸಿ, ಹಬ್ ತೂರಿಸಿ, ನಟ್ ಬಿಗಿದು, ಅದು ಕಳಚದಂತೆ ತಡೆಯುವ ಕಾಟರ್ ಪಿನ್ ಹಾಕಿ, ಮಧ್ಯಾಹ್ನದ ಹೊತ್ತಿಗೆ ದೋಣಿ ನೀರಿಗಿಳಿಸಿದೆವು. ಆ ದಿನ ಮೂರು ವಾಲಾಯ್ ಮೀನು ಸಿಕ್ಕವು. ಕೆಲಸ ಮುಗಿಯಿತು ಎಂದುಕೊಂಡೆವು.

ಮುಗಿದಿರಲಿಲ್ಲ. ಸ್ಪಿಂಡಲ್ ಒರೆಸುವಾಗ ಅದರ ಬುಡದಲ್ಲಿ ಕಂದು ಬಣ್ಣದ ಉಂಗುರದಂಥ ಕಲೆಯೊಂದು ನನ್ನ ಕಣ್ಣಿಗೆ ಬಿದ್ದಿತ್ತು. ಹಳೆ ಗ್ರೀಸಿನ ಕರೆ ಇರಬೇಕೆಂದು ಬಿಟ್ಟುಬಿಟ್ಟೆ. ಈ ಬರಹ ಆ ಉಂಗುರದ ಬಗ್ಗೆ.

ಮೂರು ವಾರದ ನಂತರ

ಮುಂದಿನ ಮೂರು ವಾರ ದೂರ ಹೋಗಲಿಲ್ಲ. ಮನೆ ಹತ್ತಿರದ ಕೆನ್ಸಿಂಗ್ಟನ್ ಮೆಟ್ರೊಪಾರ್ಕಿನ ಕೆಂಟ್ ಲೇಕ್‌ನಲ್ಲಿ ನಾಲ್ಕು ಸಲ ದೋಣಿ ಇಳಿಸಿದ್ದಷ್ಟೆ. ಆಗಸ್ಟ್‌ನಲ್ಲಿ ಮತ್ತೆ ಉತ್ತರಕ್ಕೆ ಹೊರಡುವ ಮುಂಚೆ ಒಮ್ಮೆ ನೋಡಿಬಿಡೋಣ ಎಂದು ಬಲಗಡೆಯ ಹಬ್ಬಿನ ಮುಚ್ಚಳ ತೆಗೆದೆವು. ಹೊಚ್ಚಹೊಸ ಹಬ್ಬಿನಲ್ಲಿ ಗ್ರೀಸ್ ಆಗಲೇ ಬೆಳ್ಳಗಾಗತೊಡಗಿತ್ತು. ಎಡಗಡೆ ತೆರೆದರೆ, ಹಳೆ ಮಾಲೀಕರ ಕಾಲದ ಬೇರಿಂಗ್‌ಗಳು ಕಪ್ಪಗಿನ ಗ್ರೀಸಿನಲ್ಲಿ ಆರಾಮವಾಗಿ ಕೂತಿದ್ದವು, ನೀರಿನ ಸುಳಿವೇ ಇಲ್ಲ. ಒಂದೇ ಟ್ರೇಲರ್, ಒಂದೇ ಕೆರೆ, ದೋಣಿ ಇಳಿಸುವ ಒಂದೇ ರ‍್ಯಾಂಪ್. ಹಳೆಯದು ನೀರು ತಡೆದಿದೆ, ಹೊಸದು ತಡೆದಿಲ್ಲ.

ಆಗಲೇ ನನಗೆ ನನ್ನ ತಪ್ಪು ಹೊಳೆದದ್ದು. ಹಾಳಾದ ವಸ್ತುವನ್ನು ಬದಲಿಸಿದ್ದೆ, ಅದು ಯಾಕೆ ಹಾಳಾಯಿತೆಂದು ಕೇಳಿರಲಿಲ್ಲ. ಕಾರ್ಖಾನೆಯಲ್ಲಿ ಬೇರೆಯವರು ಹೀಗೆ ಮಾಡಿದರೆ ವರದಿಯನ್ನೇ ವಾಪಸ್ ಕಳಿಸುವವನು ನಾನು.

ಅದೃಷ್ಟಕ್ಕೆ ಮೊದಲ ಸಲ ಬಿಚ್ಚಿದ ಹಬ್ ಅನ್ನು ಗೆಳೆಯ ಎಸೆದಿರಲಿಲ್ಲ, ಗ್ಯಾರೇಜಿನ ಮೂಲೆಯಲ್ಲಿ ಚೀಲದಲ್ಲಿಟ್ಟಿದ್ದ. ಸೀಮೆಎಣ್ಣೆಯಲ್ಲಿ ತೊಳೆದು ಬೆಳಕಿಗೆ ಹಿಡಿದೆ. ಅಳಿದುಳಿದ ಕೋನ್ ಮೇಲೆ, ಚಕ್ಕೆ ಏಳದೆ ಉಳಿದ ಕಡೆಯಲ್ಲಿ, ತುಕ್ಕಿನ ಅಡ್ಡಗೆರೆಗಳು. ಗೆರೆಗೂ ಗೆರೆಗೂ ನಡುವಿನ ಅಂತರ ರೋಲರ್‌ಗೂ ರೋಲರ್‌ಗೂ ಇರುವ ಅಂತರದಷ್ಟೇ. ಹೊರ ಉಂಗುರವಾದ ಕಪ್‌ನಲ್ಲೂ ಅಂಥವೇ ಗೆರೆಗಳು, ಅದೂ ಒಂದೇ ಪಕ್ಕದಲ್ಲಿ. ಓಡುವ ಬೇರಿಂಗ್‌ನಲ್ಲಿ ಇಂಥ ಗುರುತು ಮೂಡುವುದಿಲ್ಲ. ಬಹಳ ದಿನ ನಿಂತಲ್ಲೇ ನಿಂತ ಬೇರಿಂಗ್‌ನಲ್ಲಿ ನೀರು ಅಡಿಗಿಳಿದು, ರೋಲರ್ ಮತ್ತು ಕೋನ್ ತಾಗುವ ಸಂದಿಯಲ್ಲಿ ನಿಂತು ತುಕ್ಕು ಹಿಡಿಸಿದರೆ ಮಾತ್ರ ಹೀಗಾಗುತ್ತದೆ. ಅಂದರೆ ಈ ಬೇರಿಂಗ್ ಸಾಯಲು ಶುರುವಾದದ್ದು ಜುಲೈನ ಹೆದ್ದಾರಿಯಲ್ಲಲ್ಲ. ಹಿಂದಿನ ಚಳಿಗಾಲದಲ್ಲಿ, ಮನೆಯ ಪಕ್ಕದಲ್ಲಿ ಹೊದಿಕೆ ಹೊದ್ದು ನಿಂತಿದ್ದಾಗ. ಗೆಳೆಯ ದೋಣಿ ಕೊಂಡದ್ದು 2022ರ ಬೇಸಿಗೆಯಲ್ಲಿ. ಅಕ್ಟೋಬರ್‌ನಲ್ಲಿ ಕೊನೆಯ ಸಲ ನೀರಿಗಿಳಿಸಿ, ಹಾಗೇ ತಂದು ನಿಲ್ಲಿಸಿದ್ದ. ಆರು ತಿಂಗಳು ಚಕ್ರ ಒಂದು ಸುತ್ತೂ ತಿರುಗಿರಲಿಲ್ಲ.

ಇನ್ನೊಂದು ವಿಷಯವೂ ಇಲ್ಲಿ ಮುಖ್ಯ. ಟ್ರೇಲರ್‌ನಲ್ಲಿ ಸ್ಪಿಂಡಲ್ ತಿರುಗುವುದಿಲ್ಲ, ಹಬ್ ತಿರುಗುತ್ತದೆ. ದೋಣಿಯ ಭಾರ ಸ್ಪಿಂಡಲ್‌ನಿಂದ ಕೆಳಕ್ಕೆ ಇಳಿಯುವುದರಿಂದ ಕೋನ್‌ನ ಅಡಿಭಾಗವೇ ಸದಾ ಹೊರೆ ಹೊರುತ್ತದೆ. ನೀರು ನಿಲ್ಲುವುದೂ ಅದೇ ಅಡಿಭಾಗದಲ್ಲಿ. ತುಕ್ಕು ತಿಂದ ಜಾಗವೇ ಪ್ರತಿ ರೋಲರ್‌ನ ಏಟನ್ನೂ ತಿನ್ನುತ್ತದೆ. ಹನ್ನೆರಡು ಇಂಚಿನ ರಿಮ್ಮಿನ ಈ ಪುಟ್ಟ ಚಕ್ರ ಗಂಟೆಗೆ 95 ಕಿ.ಮೀ. ವೇಗದಲ್ಲಿ ನಿಮಿಷಕ್ಕೆ ಸುಮಾರು 950 ಸುತ್ತು ಸುತ್ತುತ್ತದೆ. ಮುಂದೆ ಎಳೆಯುವ ಕಾರಿನ ಚಕ್ರಕ್ಕಿಂತ ಕಾಲು ಭಾಗಕ್ಕೂ ಹೆಚ್ಚು. ಚಿಕ್ಕ ಚಕ್ರ ಎಂದು ಉದಾಸೀನ ಮಾಡುವವರು ಇದನ್ನು ಒಮ್ಮೆ ಲೆಕ್ಕ ಹಾಕಿ ನೋಡಬೇಕು.

ನೀರು ಒಳಗೆ ಬರುವುದು ಹೇಗೆ

ಹಬ್ಬಿನ ಹೊರಗಡೆ ಲೋಹದ ಮುಚ್ಚಳ, ಒಳಗಡೆ ರಬ್ಬರ್ ತುಟಿಯ ಸೀಲ್. ಎರಡರ ನಡುವೆ ಎರಡು ಬೇರಿಂಗ್, ಗ್ರೀಸ್, ಒಂದಿಷ್ಟು ಗಾಳಿ. ಗಂಟೆಗಟ್ಟಲೆ ಓಡಿ ಬಂದ ಹಬ್ 60 ಡಿಗ್ರಿ ಸೆಲ್ಸಿಯಸ್ ಇದೆ ಎಂದುಕೊಳ್ಳಿ. ರ‍್ಯಾಂಪ್ ಮುಟ್ಟಿದ ತಕ್ಷಣ ಅದನ್ನು 15 ಡಿಗ್ರಿಯ ನೀರಿನಲ್ಲಿ ಮುಳುಗಿಸಿದರೆ ಒಳಗಿನ ಗಾಳಿ ಕುಗ್ಗುತ್ತದೆ. ಗಾಳಿ ಬೇರೆ ಕಡೆಯಿಂದ ಬರಲು ದಾರಿಯಿಲ್ಲದಿದ್ದರೆ ಒತ್ತಡ ನೂರಕ್ಕೆ ಹದಿಮೂರು ಹದಿನಾಲ್ಕರಷ್ಟು ಇಳಿಯುತ್ತದೆ. ಚದರ ಇಂಚಿಗೆ ಸುಮಾರು ಎರಡು ಪೌಂಡ್. ಒಂದು ಅಡಿ ಆಳದ ನೀರಿನ ಒತ್ತಡ ಅರ್ಧ ಪೌಂಡ್ ಕೂಡ ಇಲ್ಲ. ಹೊರಗಿನ ನೀರು ತಳ್ಳುವುದಕ್ಕಿಂತ ಹಬ್ ತಾನೇ ಒಳಗೆ ಸೆಳೆದುಕೊಳ್ಳುವುದು ನಾಲ್ಕು ಪಟ್ಟು ಜೋರು.

ಇದನ್ನು ತಡೆಯಲೆಂದೇ ಸ್ಪ್ರಿಂಗ್ ಇರುವ ಗ್ರೀಸ್ ಮುಚ್ಚಳಗಳು ಬಂದಿವೆ. ಒಳಗೆ ಒಂದು ಪಿಸ್ಟನ್, ಅದನ್ನು ಒತ್ತುವ ಸ್ಪ್ರಿಂಗ್. ಗ್ರೀಸ್ ಗನ್‌ನಿಂದ ತುಂಬಿದರೆ ಹಬ್ಬಿನೊಳಗೆ ಚದರ ಇಂಚಿಗೆ ಮೂರು ಪೌಂಡಿನಷ್ಟು ಒತ್ತಡ ನಿಲ್ಲುತ್ತದೆ. ಎರಡು ಪೌಂಡ್ ಸೆಳೆತ, ಅರ್ಧ ಪೌಂಡ್ ನೀರು, ಎರಡಕ್ಕೂ ಮೂರು ಸಾಕು. ಲೆಕ್ಕ ಚೆನ್ನಾಗಿದೆ. ಆದರೆ ಹಿಂದಿನ ಸೀಲ್ ಗಟ್ಟಿಯಿದ್ದರೆ ಮಾತ್ರ ಅದು ನಿಲ್ಲುತ್ತದೆ. ಸೀಲಿನ ತುಟಿ ಎಲ್ಲೋ ಒಂದು ಕಡೆ ಸಡಿಲವಾಗಿದ್ದರೆ ಅದೇ ಸ್ಪ್ರಿಂಗ್ ದಿನವಿಡೀ ಗ್ರೀಸನ್ನು ಆ ಸಂದಿಯಿಂದ ಹೊರಕ್ಕೆ ತಳ್ಳುತ್ತಿರುತ್ತದೆ. ಪಿಸ್ಟನ್ ಒಳಕ್ಕೆ ಸರಿದು ತಳ ಮುಟ್ಟಿದ ಮೇಲೆ ಒತ್ತಡ ಸೊನ್ನೆ. ಆಮೇಲೆ ನೀರಿಗೆ ತೆರೆದ ಬಾಗಿಲು. ರಿಮ್ಮಿನ ಒಳಮೈಗೆ ಸಿಡಿದ ಗ್ರೀಸ್ ನಮಗೆ ಹೇಳುತ್ತಿದ್ದದ್ದು ಇದನ್ನೇ. ಪಿಸ್ಟನ್ ಒಳಗೆ ಹೋದದ್ದು ನೋಡಿ ಗೆಳೆಯ ಪ್ರತಿ ಸಲವೂ ಗನ್ ತಂದು ಇನ್ನಷ್ಟು ತುಂಬುತ್ತಿದ್ದ. ಎಷ್ಟು ತುಂಬಿದರೂ ಖಾಲಿಯಾಗುತ್ತಿದೆ ಎಂದರೆ ಅದು ಹೋಗುತ್ತಿರುವ ಜಾಗವನ್ನು ಹುಡುಕಬೇಕಿತ್ತು. ಇನ್ನೊಂದು ಅಪಾಯವೂ ಇದೆ: ಈ ಮುಚ್ಚಳಗಳಿಗೆ ಮಿತಿ ಮೀರಿ ಗ್ರೀಸ್ ಒತ್ತಿದರೆ ಒಳ್ಳೆಯ ಸೀಲ್ ಕೂಡ ತನ್ನ ಜಾಗದಿಂದ ಎದ್ದುಬಿಡುತ್ತದೆ.

ಈಗ ಸ್ಪಿಂಡಲ್‌ನ ಉಂಗುರಕ್ಕೆ ಬರುತ್ತೇನೆ. ಕಂದು ಕಲೆಯ ಮೇಲೆ ಉಗುರು ಆಡಿಸಿದೆ, ತಡೆಯಿತು. ಸೀಲಿನ ತುಟಿ ಕೂರುವ ಜಾಗದಲ್ಲಿ ತುಕ್ಕು ಉಕ್ಕನ್ನು ತಿಂದು, ಸ್ಪಿಂಡಲ್ ಸುತ್ತಲೂ ಸಣ್ಣ ಸಣ್ಣ ಗುಳಿ ಬಿದ್ದಿದ್ದವು. ಹೊಸ ಹಬ್ಬಿನ ಸೀಲ್ ಬಿಡಿಸಿ ನೋಡಿದರೆ ತುಟಿಯ ಅಂಚು ಅರದಲ್ಲಿ ಉಜ್ಜಿದ ಹಾಗೆ ಹರಿದಿತ್ತು. ಮೂರೇ ವಾರಕ್ಕೆ. ರಬ್ಬರ್ ಎಷ್ಟೇ ಹೊಸದಾಗಿರಲಿ, ಅದು ಒತ್ತಿ ಕೂರುವ ಉಕ್ಕು ಕನ್ನಡಿಯಂತಿರಬೇಕು. ಹೊಸ ಸೀಲನ್ನು ಗರಗಸದ ಮೇಲೆ ಕೂರಿಸಿದ್ದೆ ನಾನು. ಎಡಗಡೆಯ ಸ್ಪಿಂಡಲ್‌ನ ಅದೇ ಜಾಗ ನುಣ್ಣಗೆ ಹೊಳೆಯುತ್ತಿತ್ತು. ಹಳೆ ಸೀಲ್ ನೀರು ತಡೆದ ಗುಟ್ಟು ಅದು.

ಬಲಗಡೆಗೇ ಯಾಕೆ? ಗೆಳೆಯನ ಮನೆ ನೋಡಿದಾಗ ಅದೂ ತಿಳಿಯಿತು. ಟ್ರೇಲರ್ ನಿಲ್ಲಿಸುವ ಜಾಗದಲ್ಲಿ ಎಡ ಚಕ್ರ ಕಾಂಕ್ರೀಟಿನ ಮೇಲೆ, ಬಲ ಚಕ್ರ ಹುಲ್ಲಿನ ಮೇಲೆ. ಮೇಲೆ ಸೂರಿನ ನೀರು ಬೀಳುವ ಜಾಗ. ಅಕ್ಟೋಬರ್‌ನಿಂದ ಏಪ್ರಿಲ್ ತನಕ ಆ ಚಕ್ರದ ಒಳಮೈ ಎಲೆಗೊಬ್ಬರದಲ್ಲಿ, ಆಮೇಲೆ ಹಿಮದಲ್ಲಿ, ಆಮೇಲೆ ಕರಗಿದ ಹಿಮದ ನೀರಿನಲ್ಲಿ ಕೂತಿತ್ತು.

ರಿಪೇರಿ

ಮೂರು ದಾರಿಗಳಿದ್ದವು. ಗುಳಿ ಮೇಲುಮೇಲಕ್ಕೆ ಇದ್ದಿದ್ದರೆ ನುಣುಪು ಎಮರಿ ಪೇಪರ್ ಸುತ್ತಿ ಉಜ್ಜಿದರೆ ಸಾಕಿತ್ತು. ನಮ್ಮದು ಅಷ್ಟಕ್ಕೆ ಹೋಗುವಂತಿರಲಿಲ್ಲ. ಇನ್ನೊಂದು ತುದಿಯಲ್ಲಿ ಇಡೀ ಆ್ಯಕ್ಸಲ್ ಬದಲಿಸುವುದು. ನಡುವಿನದು ತೆಳು ಸ್ಟೇನ್‌ಲೆಸ್ ಸ್ಟೀಲ್ ತೋಳು: ಕಾಲು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ದಪ್ಪದ ಉಂಗುರವನ್ನು ಸ್ಪಿಂಡಲ್ ಮೇಲೆ ತಟ್ಟಿ ಕೂರಿಸಿದರೆ ಸೀಲಿಗೆ ಹೊಸ ನೆಲ ಸಿಗುತ್ತದೆ. ತೋಳು ಅಷ್ಟು ತೆಳುವಾಗಿರುವುದರಿಂದ ಸೀಲಿನ ಅಳತೆ ಬದಲಿಸಬೇಕಿಲ್ಲ. ಅದನ್ನೇ ಆರಿಸಿದೆವು. ಗುಳಿಗಳನ್ನು ಮೊದಲು ಲೋಹದ ಅಂಟಿನಿಂದ ತುಂಬಿ, ಒಣಗುವ ಮುಂಚೆಯೇ ತೋಳು ಕೂರಿಸಬೇಕು. ಒಣಗಿದ ಉಬ್ಬಿನ ಮೇಲೆ ತಟ್ಟಿದರೆ ತೋಳು ಸೀಳಿಹೋಗುತ್ತದೆ.

ಬೇರಿಂಗ್‌ಗಳನ್ನೂ ಹೊಸದಾಗಿ ತಂದೆವು. ಈ ಆ್ಯಕ್ಸಲ್‌ನ ಸ್ಪಿಂಡಲ್ ಒಂದೇ ದಪ್ಪದ್ದು, ಬೇರಿಂಗ್ ಕೂರುವಲ್ಲಿ 1 1/16 ಇಂಚು, ಅಂದರೆ ಸುಮಾರು 27 ಮಿ.ಮೀ. ಒಳಗೂ ಹೊರಗೂ ಒಂದೇ ಕೋನ್: ಎಲ್44649, ಅದರ ಜೋಡಿ ಕಪ್ ಎಲ್44610. ಸಂಖ್ಯೆ ಬೇರಿಂಗ್ ಮೇಲೇ ಕೆತ್ತಿರುತ್ತದೆ. ಅಂಗಡಿಗೆ ಹೋಗುವಾಗ ಟ್ರೇಲರ್‌ನ ಹೆಸರಿಗಿಂತ ಈ ಸಂಖ್ಯೆ ಕೆಲಸಕ್ಕೆ ಬರುತ್ತದೆ. ಹೊಸ ಕೋನ್ ತಂದು ಹಳೆ ಕಪ್ಪನ್ನೇ ಉಳಿಸಿಕೊಳ್ಳುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎರಡೂ ಒಂದಕ್ಕೊಂದು ಉಜ್ಜಿ ಬದುಕುವ ಜೋಡಿ. ಹಳೆ ಕಪ್ಪಿನ ಗಾಯ ಹೊಸ ರೋಲರ್‌ಗಳನ್ನು ತಿನ್ನುತ್ತದೆ.

ಕಪ್ ತೆಗೆಯಲು ಹಿತ್ತಾಳೆಯ ಕಡ್ಡಿಯನ್ನು ಹಿಂಬದಿಯಿಂದ ಇಟ್ಟು, ಆ ಕಡೆ ಈ ಕಡೆ ಸರದಿಯಂತೆ ತಟ್ಟಬೇಕು. ಹೊಸದನ್ನು ಕೂರಿಸುವಾಗ ಕಣ್ಣಿಗಿಂತ ಕಿವಿ ಹೆಚ್ಚು ಹೇಳುತ್ತದೆ. ಕಪ್ ಇನ್ನೂ ಸರಿಯುತ್ತಿರುವಾಗ ಸುತ್ತಿಗೆಯ ಸದ್ದು ಟೊಳ್ಳು. ತಳ ಮುಟ್ಟಿದ ಕ್ಷಣ ಅದು ಬದಲಾಗಿ ಗಟ್ಟಿಯಾದ ಠಣ್ ಎನ್ನುತ್ತದೆ. ಗೆಳೆಯನಿಗೆ ಆ ಸದ್ದು ಮೊದಲ ಸಲ ಕೇಳಿಸಿದಾಗ ಇನ್ನೊಮ್ಮೆ ಬಡಿದು ಖಾತ್ರಿ ಮಾಡಿಕೊಂಡ.

ಗ್ರೀಸ್ ತುಂಬುವುದು ಈ ಕೆಲಸದ ಜೀವ. ಮೇಲೆ ಮೇಲೆ ಬಳಿದರೆ ಏನೂ ಆಗುವುದಿಲ್ಲ, ರೋಲರ್‌ಗಳ ಹಿಂದೆ, ಕೇಜ್‌ನ ಒಳಗೆ ಹೋಗಬೇಕು. ಎಡ ಅಂಗೈಯಲ್ಲಿ ನಿಂಬೆಹಣ್ಣಿನ ಗಾತ್ರದ ಗ್ರೀಸ್ ಇಟ್ಟುಕೊಂಡು, ಬಲಗೈಯಲ್ಲಿ ಬೇರಿಂಗ್ ಹಿಡಿದು, ಅದರ ಅಗಲವಾದ ಬಾಯಿಯ ಅಂಚನ್ನು ಗ್ರೀಸಿಗೆ ಒತ್ತಿ ಒತ್ತಿ ಕೆರೆಯಬೇಕು. ಸ್ವಲ್ಪ ಹೊತ್ತಿಗೆ ಆಚೆ ಬದಿಯ ರೋಲರ್‌ಗಳ ನಡುವಿನಿಂದ ಶಾವಿಗೆಯ ಎಳೆಯಂತೆ ಗ್ರೀಸ್ ಹೊರಗೆ ಬರುತ್ತದೆ. ಅದು ಬಂದ ಮೇಲೆ ಬೇರಿಂಗ್ ತುಸು ತಿರುಗಿಸಿ ಮುಂದಿನ ಜಾಗ. ಒಂದು ಪೂರ್ತಿ ಸುತ್ತು ಮುಗಿಯಲು ಐದಾರು ನಿಮಿಷ ಬೇಕು. ಅವಸರ ಮಾಡಿದರೆ ನಷ್ಟ ನಮಗೇ.

ನಾವು ಆರಿಸಿದ್ದು ಕ್ಯಾಲ್ಸಿಯಂ ಸಲ್ಫೊನೇಟ್ ಆಧಾರದ ಎನ್‌ಎಲ್‌ಜಿಐ 2ನೇ ದರ್ಜೆಯ (ಇದು ಗ್ರೀಸಿನ ಗಟ್ಟಿತನದ ಅಳತೆ) ಗ್ರೀಸ್. ಚಕ್ರದ ಬೇರಿಂಗ್‌ಗೆ ಒಪ್ಪುವುದೆಂದು ಡಬ್ಬಿಯ ಮೇಲೆ ಬರೆದಿರಬೇಕು, ಅದಕ್ಕೆ ಜಿಸಿ-ಎಲ್‌ಬಿ ಎಂಬ ಗುರುತು ನೋಡುತ್ತಾರೆ. ಲಿಥಿಯಂ ಕಾಂಪ್ಲೆಕ್ಸ್ ಗ್ರೀಸ್ ಕೂಡ ಕೆಟ್ಟದ್ದಲ್ಲ. ಆದರೆ ನೀರಿನೆದುರು ನಿಲ್ಲುವುದರಲ್ಲಿ, ತುಕ್ಕು ತಡೆಯುವುದರಲ್ಲಿ ಕ್ಯಾಲ್ಸಿಯಂ ಸಲ್ಫೊನೇಟಿನ ಕೈ ಮೇಲು. ಯಾವುದೇ ಹಾಕಿ, ಹಳೆಯದರ ಮೇಲೆ ಹೊಸದನ್ನು ಬೆರೆಸಬೇಡಿ. ಕೆಲವು ಬಗೆಯ ಗ್ರೀಸ್‌ಗಳು ಒಂದಕ್ಕೊಂದು ಹೊಂದದೆ ಎಣ್ಣೆ ಬಿಟ್ಟು ನೀರಾಗುತ್ತವೆ. ಒಳಗಿರುವುದು ಯಾವುದೆಂದು ಗೊತ್ತಿಲ್ಲದಿದ್ದರೆ ಪೂರ್ತಿ ತೊಳೆದು ಒಣಗಿಸಿ. ಒಣಗಿಸಲು ಗಾಳಿ ಪೈಪಿನಿಂದ ಬೇರಿಂಗನ್ನು ಬುಗುರಿಯಂತೆ ತಿರುಗಿಸುವ ಆಸೆ ಬೇಡ, ಕೇಜ್ ಒಡೆದು ರೋಲರ್ ಮುಖಕ್ಕೆ ಹಾರಬಹುದು.

ನಟ್ ಬಿಗಿಯುವುದರಲ್ಲಿ ಹೊಸಬರು ಎಡವುವುದು ಹೆಚ್ಚು. ಒಂದು ತುದಿಗೆ ಸಣ್ಣಗಾಗುವ ಇಂಥ ಮೊನಚು ರೋಲರ್‌ಗಳ ಬೇರಿಂಗ್‌ಗೆ ಬಿಗಿಯೂ ಆಗದು, ಸಡಿಲವೂ ಆಗದು. ಹಬ್ ತಿರುಗಿಸುತ್ತಲೇ ನಟ್ಟನ್ನು ಸುಮಾರು 50 ಫುಟ್-ಪೌಂಡ್, ಅಂದರೆ 68 ನ್ಯೂಟನ್-ಮೀಟರ್ ತನಕ ಬಿಗಿದೆವು. ಇದು ಎಲ್ಲವೂ ತಳ ಕೂರಲೆಂದು. ಆಮೇಲೆ ಹಬ್ ಅಲುಗಿಸದೆ ನಟ್ ಪೂರ್ತಿ ಸಡಿಲಿಸಿ, ಬರೀ ಬೆರಳಿನಲ್ಲಿ ತಾಗುವಷ್ಟು ತಿರುಗಿಸಿ ನಿಲ್ಲಿಸಿದೆವು. ಪಿನ್ನಿನ ತೂತಿಗೆ ನಟ್ಟಿನ ಸೀಳು ಕೂಡದಿದ್ದರೆ ಹಿಂದಕ್ಕೆ ತಿರುಗಿಸಬೇಕು, ಮುಂದಕ್ಕಲ್ಲ. ಕಾಟರ್ ಪಿನ್ ಪ್ರತಿ ಸಲ ಹೊಸದೇ. ನಮ್ಮ ಎತ್ತಿನ ಗಾಡಿಯ ಕಡಾಣಿ ಮಾಡುವ ಕೆಲಸವೇ ಇದರದ್ದು. ಎರಡು ಕಾಸಿನ ಕೀಲು ಕಳಚಿದರೆ ಗಾಲಿ ಗಾಡಿಯ ಜೊತೆ ಇರುವುದಿಲ್ಲ. ಕೀಲೆಣ್ಣೆ ಎಂಬ ಮಾತೇ ಇದೆ ನಮ್ಮಲ್ಲಿ, ಹುಲ್ಲಿನ ಬೂದಿಗೆ ಹರಳೆಣ್ಣೆ ಕಲಸಿ ಅಚ್ಚಿಗೆ ಬಳಿಯುತ್ತಿದ್ದದ್ದು. ಗ್ರೀಸ್ ಮೆತ್ತಿದ ಕೈಯಲ್ಲಿ ಆ ಮಾತು ನೆನಪಾಗಿ ಗೆಳೆಯನಿಗೆ ಹೇಳಿದೆ.

ಚಕ್ರ ಹಾಕಿ, ಎದುರು ಬದುರು ನಟ್‌ಗಳನ್ನು ಸರದಿಯಲ್ಲಿ ಬಿಗಿದು, 10, 25, 50 ಮೈಲಿ ಓಡಿದ ಮೇಲೆ ಮೂರು ಸಲ ಮತ್ತೆ ಪರೀಕ್ಷಿಸಿದೆವು. ಹೊಸದಾಗಿ ಕೂರಿಸಿದ ಚಕ್ರದ ನಟ್‌ಗಳು ಮೊದಲ ಓಟದಲ್ಲಿ ಸಡಿಲುವುದುಂಟು.

ಎಡಗಡೆಯದನ್ನೂ ಅದೇ ದಿನ ಬಿಚ್ಚಿದೆವು. ಬೇರಿಂಗ್‌ಗಳು ಚೆನ್ನಾಗಿದ್ದವು, ತೊಳೆದು ಹೊಸ ಗ್ರೀಸ್ ತುಂಬಿ ಅವನ್ನೇ ಹಾಕಿದೆವು. ಸೀಲ್ ಮಾತ್ರ ಹೊಸದು. ಒಮ್ಮೆ ಕಿತ್ತ ಸೀಲ್ ಮತ್ತೆ ಹಾಕುವಂಥದ್ದಲ್ಲ.

ಅಭ್ಯಾಸದಲ್ಲಿ ಬದಲಾದದ್ದು ಎರಡು. ಕೆರೆ ಮುಟ್ಟಿದ ತಕ್ಷಣ ಟ್ರೇಲರ್ ನೀರಿಗಿಳಿಸುವುದಿಲ್ಲ. ಹಗ್ಗ, ಜೀವರಕ್ಷಕ ಜಾಕೆಟ್, ಇಂಧನ ಎಲ್ಲ ಜೋಡಿಸುತ್ತ ಇಪ್ಪತ್ತು ನಿಮಿಷ ಕಳೆಯುತ್ತೇವೆ, ಅಷ್ಟರಲ್ಲಿ ಹಬ್ ತಣಿಯುತ್ತದೆ. ಬಿಸಿ ಹಬ್ಬೇ ಇಲ್ಲದಿದ್ದರೆ ಆ ಎರಡು ಪೌಂಡಿನ ಸೆಳೆತವೂ ಇಲ್ಲ. ಇನ್ನೊಂದು, ವರ್ಷದ ಗ್ರೀಸ್ ಕೆಲಸ ವಸಂತದಿಂದ ಶರತ್ಕಾಲಕ್ಕೆ ಬಂತು. ಸಾಮಾನ್ಯ ಟ್ರೇಲರ್‌ಗೆ 12 ತಿಂಗಳು ಅಥವಾ 12,000 ಮೈಲಿ, ಯಾವುದು ಮೊದಲೋ ಅದು, ಎಂಬ ಲೆಕ್ಕವಿದೆ. ದೋಣಿ ಟ್ರೇಲರ್‌ನವರು ಹೆಚ್ಚಾಗಿ ಏಪ್ರಿಲ್‌ನಲ್ಲಿ, ಮೀನಿನ ಕಾಲ ಶುರುವಾಗುವ ಮುಂಚೆ ಮಾಡುತ್ತಾರೆ. ಆ ಹೊತ್ತಿಗೆ ಒಳಗೆ ನಿಂತ ನೀರು ಆರು ತಿಂಗಳ ತನ್ನ ಕೆಲಸ ಮುಗಿಸಿರುತ್ತದೆ. ಅಕ್ಟೋಬರ್‌ನಲ್ಲಿ ಕೊನೆಯ ಓಟ ಮುಗಿದ ವಾರವೇ ಬಿಚ್ಚಿ, ಒಣಗಿಸಿ, ಹೊಸ ಗ್ರೀಸ್ ತುಂಬಿ ಇಟ್ಟರೆ ಚಳಿಗಾಲವಿಡೀ ಬೇರಿಂಗ್ ಒಳ್ಳೆಯ ಹಾಸಿಗೆಯಲ್ಲಿ ಮಲಗಿರುತ್ತದೆ. ಈ ಒಂದು ಬದಲಾವಣೆ ನಾನು ಟ್ರೇಲರ್ ಇರುವ ಪ್ರತಿಯೊಬ್ಬರಿಗೂ ಹೇಳುತ್ತಿರುತ್ತೇನೆ.

ದೋಣಿಯ ಪೆಟ್ಟಿಗೆಯಲ್ಲಿ ಈಗ ಗ್ರೀಸ್ ತುಂಬಿದ ಒಂದು ಹಬ್, ಎರಡು ಸೀಲ್, ಕಾಟರ್ ಪಿನ್, ಜಾಕಿ, ಮತ್ತೆ ದೂರದಿಂದಲೇ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಇರುತ್ತವೆ. ನಿಂತ ಕಡೆಯಲ್ಲೆಲ್ಲ ಎರಡೂ ಹಬ್ಬಿನ ಅಂಕಿ ಗೆಳೆಯ ಪುಸ್ತಕದಲ್ಲಿ ಬರೆಯುತ್ತಾನೆ. ಒಂದು ಅಂಕಿಯಿಂದ ಹೆಚ್ಚೇನೂ ತಿಳಿಯುವುದಿಲ್ಲ, ಬಿಸಿಲಿಗೆ ಎರಡೂ ಏರುತ್ತವೆ. ಎಡಕ್ಕೂ ಬಲಕ್ಕೂ ಇರುವ ಅಂತರವನ್ನೇ ನೋಡಬೇಕು. ಹೋಟನ್ ಲೇಕ್‌ಗೆ ಮುಂದಿನ ಸಲ ಹೋದಾಗ ಎಡ 41 ಡಿಗ್ರಿ, ಬಲ 43.

2024ರ ಅಕ್ಟೋಬರ್‌ನಲ್ಲಿ ಬಲಗಡೆಯ ಹಬ್ ತೆರೆದೆವು. ಇಡೀ ಋತು ಓಡಿತ್ತು. ಗ್ರೀಸ್ ಹಾಕಿದಾಗಿನ ಬಣ್ಣದಲ್ಲೇ ಇತ್ತು, ಸೀಲಿನ ತುಟಿಯ ಹತ್ತಿರ ಮಾತ್ರ ತುಸು ಕಪ್ಪು. ಸ್ಟೇನ್‌ಲೆಸ್ ತೋಳಿನ ಮೇಲೆ ತುಟಿ ಓಡಿದ ಜಾಗದಲ್ಲಿ ಕೂದಲೆಳೆಯಷ್ಟು ಹೊಳಪಿನ ಗೆರೆ. ಗೆಳೆಯ ಅದರ ಮೇಲೆ ಉಗುರು ಆಡಿಸಿ ನೋಡಿದ, ಎಲ್ಲೂ ತಡೆಯಲಿಲ್ಲ. ಆಮೇಲೆ ಎಡಗಡೆಯ ಸ್ಪಿಂಡಲ್ ಒರೆಸಿ ಅಲ್ಲೂ ಆಡಿಸಿದ. ಒಂದು ಕಡೆ ಕೈ ನಿಲ್ಲಿಸಿ ನನ್ನನ್ನು ಕರೆದ. ಅಲ್ಲೂ ಕಂದು ಉಂಗುರ ಶುರುವಾಗಿತ್ತು, ಇನ್ನೂ ಮೇಲುಮೇಲಕ್ಕೆ. ಎಮರಿ ಪೇಪರ್ ತೆಗೆದುಕೊಂಡು ಕೂತೆವು.